ಸ್ವಂತ ಬದುಕಿನಿಂದ ಕಲಾಕೃತಿಗೆ ವಸ್ತುವನ್ನು ಕಂಡುಕೊಳ್ಳುವ ಬಗೆ

ಕಲಾಶಾಲೆಯ ಅಂತಿಮ ವರ್ಷದ ಪ್ರಾಜೆಕ್ಟಿಗೆ ನಿಮ್ಮದೇ ಒಂದು ವಸ್ತುವನ್ನು ಆರಿಸಿಕೊಳ್ಳಿ ಎಂದು ಅಧ್ಯಾಪಕರು ಹೇಳಿದ ಮರುದಿನ ಸ್ಕೆಚ್‌ಪುಸ್ತಕದಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಅಸ್ಮಿತೆ, ನೆನಪು, ಒಂಟಿತನ ಎಂಬಂಥ ಪದಗಳ ಪಟ್ಟಿ. ಒಂಟಿತನವನ್ನೇ ಬರೆಯಲು ಹೊರಟರೆ ಕೈ ತಾನಾಗಿ ಖಾಲಿ ಕುರ್ಚಿಯನ್ನೋ ಕಿಟಕಿಯ ಬಳಿ ಕುಳಿತ ಹುಡುಗಿಯನ್ನೋ ಬರೆದುಬಿಡುತ್ತದೆ. ಅದು ಎಲ್ಲೋ ನೋಡಿದ ಚಿತ್ರವೇ ಹೊರತು ನಿಮ್ಮ ಒಂಟಿತನವಲ್ಲ.

ಆದ್ದರಿಂದ ಮೊದಲ ಎರಡು ವಾರ ಇಂಥ ಪದಗಳನ್ನು ಬದಿಗಿರಿಸಿ, ಕಣ್ಣು ಮುಚ್ಚಿ ಮುಟ್ಟಿದರೂ ಗುರುತಿಸಬಲ್ಲ ಹತ್ತು ಸಾಮಾನುಗಳನ್ನು ನಿಮ್ಮ ಮನೆಯಲ್ಲಿ ಹುಡುಕಿ. ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಇದ್ದಿಲು, ಪೆನ್ನು, ಕೊಲಾಜ್ ಹೀಗೆ ಕೈಗೆ ಸಿಕ್ಕ ಮಾಧ್ಯಮದಲ್ಲಿ ಕನಿಷ್ಠ 30 ಸಲ ಬರೆಯಿರಿ. ಮೊದಲ ಹತ್ತರಲ್ಲಿ ನಿಮಗೆ ಮೊದಲೇ ಗೊತ್ತಿದ್ದದ್ದು ಬರುತ್ತದೆ, ಆಮೇಲೆ ಬೇಸರ ಬರುತ್ತದೆ. ಆ ಬೇಸರವನ್ನು ದಾಟಿದವರಿಗೆ ಮಾತ್ರ ಸಾಮಾನು ಬೇರೆ ರೀತಿಯಲ್ಲಿ ಕಾಣತೊಡಗುತ್ತದೆ.

ದರ್ಜಿಯೊಬ್ಬರ ಮಗಳು ಹೀಗೆ ಹುಡುಕುತ್ತಿದ್ದಾಳೆ ಎಂದುಕೊಳ್ಳಿ. ಹೊಲಿಗೆ ಯಂತ್ರ ಮೊದಲು ಕಣ್ಣಿಗೆ ಬೀಳುತ್ತದೆ, ಆದರೆ ಅದನ್ನು ಎಲ್ಲರೂ ಬರೆದಿದ್ದಾರೆ. ಅದರ ಪಕ್ಕದಲ್ಲಿರುವ ಅಳತೆ ಪುಸ್ತಕವನ್ನು ತೆರೆದರೆ ಪ್ರತಿ ಪುಟದಲ್ಲೂ ಎದೆ 38, ಸೊಂಟ 34, ತೋಳು 23 ಎಂಬ ಅಂಕಿಗಳಿವೆ, ಮೂಲೆಯಲ್ಲಿ ಪಿನ್ನು ಚುಚ್ಚಿದ ಬೆರಳಗಲದ ಬಟ್ಟೆಯ ತುಂಡಿದೆ. ಮುಖವೇ ಇಲ್ಲದ ಈ ಪುಟಗಳೆಲ್ಲ ಒಬ್ಬೊಬ್ಬರ ಭಾವಚಿತ್ರಗಳು; ಒಂದೇ ಹೆಸರಿನ ಮುಂದೆ ವರ್ಷದಿಂದ ವರ್ಷಕ್ಕೆ ಸೊಂಟದ ಅಳತೆ ಹಿಗ್ಗಿರುವುದೂ ಕಾಯಿಲೆಯ ನಂತರ ಕುಗ್ಗಿರುವುದೂ ಅಲ್ಲಿ ದಾಖಲಾಗಿವೆ. ಊರಿನವರ ಅಳತೆಯನ್ನೆಲ್ಲ ಬರೆದಿಟ್ಟ ಅಪ್ಪನ ಅಳತೆ ಮಾತ್ರ ಆ ಪುಸ್ತಕದಲ್ಲಿ ಇಲ್ಲವೆಂಬುದು ಅವಳಿಗೆ ಹೊಳೆದ ಗಳಿಗೆಯಲ್ಲಿ ಪ್ರಾಜೆಕ್ಟ್ ಶುರುವಾಗುತ್ತದೆ.

ಮುಂದಿನ ಪ್ರಶ್ನೆ ಮಾಧ್ಯಮದ್ದು. ಹಳೆಯ ಚಿತ್ರನೇಯ್ಗೆಗಳನ್ನು ದುರಸ್ತಿ ಮಾಡುತ್ತಿದ್ದ ಮನೆತನದಲ್ಲಿ ಬೆಳೆದ ಶಿಲ್ಪಿ ಲೂಯಿಸ್ ಬೂರ್ಜ್ವಾ, ಬಾಲ್ಯದಲ್ಲಿ ಆ ನೇಯ್ಗೆಗಳಲ್ಲಿ ಹರಿದುಹೋಗಿದ್ದ ಭಾಗಗಳ ರೇಖಾಚಿತ್ರ ಬರೆದುಕೊಡುತ್ತಿದ್ದರು. ತಾಯಿಯನ್ನು ನೆನೆದು 1999ರಲ್ಲಿ ಅವರು ರೂಪಿಸಿದ್ದು ತಾಯಿಯ ಮುಖವನ್ನಲ್ಲ, ತಾಯಿಯಂತೆಯೇ ನೇಯುವ ಜೀವಿಯಾದ ಜೇಡವನ್ನು, ಒಂಬತ್ತು ಮೀಟರಿಗೂ ಎತ್ತರಕ್ಕೆ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಕಲಾವಿದೆ ಶೀಲಾ ಗೌಡ ಅವರು ಸೂಜಿಗಳಿಗೆ ಪೋಣಿಸಿದ ಉದ್ದನೆಯ ದಾರಗಳನ್ನು ಕುಂಕುಮ ಬೆರೆಸಿದ ಅಂಟಿನಿಂದ ಹಗ್ಗವಾಗಿ ಕೂಡಿಸಿ, ತುದಿಯಲ್ಲಿ ಸೂಜಿಗಳು ತೂಗಾಡುವಂತೆ ಬಿಟ್ಟರು. ನೋವು ಎಂಬ ಮಾತನ್ನು ಅಲ್ಲಿ ಸೂಜಿಯೇ ಆಡುತ್ತದೆ. ನಮ್ಮ ದರ್ಜಿಯ ಮಗಳು ಕ್ಯಾನ್ವಾಸಿಗೆ ಹೋಗುವ ಮೊದಲು ಸೀಮೆಸುಣ್ಣ, ಖಾಕಿ ಕಾಗದ, ಕತ್ತರಿಸಿ ಉಳಿದ ಚೂರುಗಳು ಇವುಗಳಲ್ಲಿ ಅಂಗೈಯಗಲದ ಏಳೆಂಟು ಮಾದರಿಗಳನ್ನಾದರೂ ಮಾಡಿ, ಗೋಡೆಗೆ ತೂಗುಹಾಕಿ ಒಂದು ವಾರ ನೋಡಬೇಕು. ಬಟ್ಟೆಯ ಮೇಲಿನ ಸೀಮೆಸುಣ್ಣ ಕೈ ತಾಗಿದರೆ ಅಳಿಸಿಹೋಗುತ್ತದೆ. ಅದನ್ನು ಫಿಕ್ಸೆಟಿವ್ ಎಂಬ, ಪುಡಿಯನ್ನು ಹಿಡಿದಿಡುವ ಸಿಂಪಡಣೆಯಿಂದ ಉಳಿಸಿಕೊಳ್ಳಬೇಕೇ, ಅಳಿಯಲು ಬಿಡಬೇಕೇ ಎಂಬ ತೀರ್ಮಾನವೂ ಕೃತಿಯ ಅರ್ಥಕ್ಕೇ ಸೇರುತ್ತದೆ.

ಮನೆಯವರ ಬದುಕನ್ನು ಗೋಡೆಗೆ ಹಾಕುವ ಮುನ್ನ ಅವರ ಒಪ್ಪಿಗೆ ಪಡೆಯಿರಿ, ಗ್ರಾಹಕರ ಹೆಸರುಗಳನ್ನು ತೆಗೆದುಹಾಕಿ. ನೆನೆದರೆ ಇಂದಿಗೂ ಕೈ ನಡುಗುವ ಘಟನೆಯಿದ್ದರೆ ಅದನ್ನು ಈ ವರ್ಷವೇ ಕೃತಿಯಾಗಿಸಬೇಕೆಂಬ ನಿಯಮವೇನೂ ಇಲ್ಲ. ಅಂಕಗಳಿಗಾಗಿ ಗಾಯವನ್ನು ಕೆದಕುವುದು ನನಗಂತೂ ಸರಿಕಾಣುವುದಿಲ್ಲ.

ಕೃತಿಯ ಮೌಲ್ಯಮಾಪನ ಮಾಡುವ ಜ್ಯೂರಿಗೆ ಕೊಡುವ ಟಿಪ್ಪಣಿಯನ್ನು ಕೊನೆಯಲ್ಲಿ ಬರೆಯಿರಿ, ನೂರೈವತ್ತು ಪದ ಸಾಕು. ಯಾವ ಸಾಮಾನು, ಯಾರದು, ಅದರಲ್ಲಿ ನಿಮಗೆ ಏನು ಕಂಡಿತು, ಈ ಮಾಧ್ಯಮವೇ ಏಕೆ ಎಂಬುದಷ್ಟೇ ಅದರಲ್ಲಿರಲಿ. ಆರಂಭದಲ್ಲಿ ಬದಿಗಿಟ್ಟ ಪದಗಳಲ್ಲಿ ಯಾವುದಾದರೂ ಆ ಹೊತ್ತಿಗೂ ಅನಿವಾರ್ಯವೆನಿಸಿದರೆ ಬಳಸಿ.