ಬಾಳೆನಾರಲ್ಲಿ ಅಳೆಯಿರಿ ವಿಮಾನದ ದಾರಿ

ಟಿಕೆಟಿನಲ್ಲಿ ಬಜ್ಪೆ (ಮಂಗಳೂರಿನ ವಿಮಾನ ನಿಲ್ದಾಣ) ಬಿಡುವುದು 10 ಗಂಟೆಗೆ, ದುಬೈ ತಲುಪುವುದು 12ಕ್ಕೆ ಎಂದಿದ್ದರೆ "ಓ, ಎರಡೇ ಗಂಟೆ" ಅನ್ನಬೇಡಿ. ಆ ಲೆಕ್ಕ ತಪ್ಪು. ಸರಿಯಾದ ಲೆಕ್ಕಕ್ಕೆ ಒಂದು ಗ್ಲೋಬ್, ಸ್ಕೇಲು, ಮಲ್ಲಿಗೆ ಕಟ್ಟಿ ಉಳಿದ ಬಾಳೆನಾರು ಸಾಕು. ಉಡುಪಿ ಕಡೆಯ ಮನೆಗಳಲ್ಲಿ ನಾರಿಗೇನು ಬರವೇ?

ನಾರಿಗೆ ಸ್ವಲ್ಪ ನೀರು ತಾಗಿಸಿ, ಇಲ್ಲದಿದ್ದರೆ ಎಳೆದಾಗ ತುಂಡಾಗುತ್ತದೆ. ಮೊದಲು ಗ್ಲೋಬಿನ ಸಮಭಾಜಕದ ಮೇಲೆ ಒಂದು ಸುತ್ತು ಸುತ್ತಿ ಅಳೆಯಿರಿ. ಮಲ್ಲಿಗೆಯ ಅಳತೆ ಚೆಂಡು, ಅಟ್ಟೆಯಲ್ಲಾದರೆ, ಇಲ್ಲಿ ಸೆಂಟಿಮೀಟರಿನಲ್ಲಿ. 30 ಸೆಂ.ಮೀ. ಅಗಲದ ಗ್ಲೋಬಾದರೆ ಸುತ್ತು 94 ಬರುತ್ತದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಂದರೆ ಒಂದು ಸೆಂ.ಮೀ.ಗೆ 425 ಕಿ.ಮೀ. ಹಿಡಿಯಿರಿ.

ಈಗ ನಾರಿನ ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಒತ್ತಿ, ಬಿಗಿಯಾಗಿ ಎಳೆಯಿರಿ. ಜಾರಿ ಜಾರಿ ಅದು ತಾನಾಗಿಯೇ ಹತ್ತಿರದ ದಾರಿ ಹಿಡಿಯುತ್ತದೆ. ಆ ದಾರಿ ನೋಡಿದರೆ ಆಶ್ಚರ್ಯವಾಗುತ್ತದೆ: ನೇರ ಪೂರ್ವಕ್ಕಲ್ಲ, ಹಿಮಾಲಯ ದಾಟಿ ಸೈಬೀರಿಯಾದ ತುದಿಗೆ ಹತ್ತಿ, ಅಲಾಸ್ಕಾ ಕಡೆಯಿಂದ ಇಳಿಯುತ್ತದೆ! ಗೋಡೆಗೆ ಅಂಟಿಸಿದ ಮ್ಯಾಪಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ನಾರಿನ ಉದ್ದ 33 ಸೆಂ.ಮೀ., ಅಂದರೆ ಸುಮಾರು 14,000 ಕಿ.ಮೀ. ವಿಮಾನ ಇದೇ ಗೆರೆಯಲ್ಲಿ ಹೋಗುತ್ತದೆ ಅಂತಲ್ಲ. ಗಾಳಿ, ಎತ್ತರದ ಬೆಟ್ಟ, ಮುಚ್ಚಿದ ಆಕಾಶದಾರಿ ನೋಡಿಕೊಂಡು ಸುತ್ತು ಹಾಕುವುದೂ ಉಂಟು.

ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಹಾರುತ್ತದೆ ಎಂದು ಹಿಡಿದು, ದೂರವನ್ನು 900ರಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿ. ಹದಿನಾರು ಗಂಟೆ ಬಂತು ಅಲ್ವಾ? ಬಜ್ಪೆಯಿಂದ ದುಬೈಗೆ 2,460 ಕಿ.ಮೀ., ಮೂರೂಕಾಲು ಗಂಟೆ. ಆದರೆ ಮೇಲಿನ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ, ಹೋಗುವಾಗ ಅದು ಎದುರಾಗಿ ಮೂರೂವರೆ ಆದೀತು. ಬರುವಾಗ ಅದೇ ಗಾಳಿ ಬೆನ್ನಿಗೆ.

ಇನ್ನು ಗಡಿಯಾರ. ಎಡವುವುದು ಇಲ್ಲೇ ಜಾಸ್ತಿ. ಟಿಕೆಟಿನಲ್ಲಿರುವುದು ಆಯಾ ಊರಿನ ಸಮಯ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. 10ಕ್ಕೆ ಮೂರೂವರೆ ಕೂಡಿಸಿದರೆ ನಮ್ಮ ಒಂದೂವರೆ. ಅದರಿಂದ ಒಂದೂವರೆ ಕಳೆದರೆ ಅವರ 12. ಸ್ಯಾನ್ ಫ್ರಾನ್ಸಿಸ್ಕೊ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್‌ನಲ್ಲಿ ಅಲ್ಲಿ ಗಡಿಯಾರ ಮುಂದಿಡುತ್ತಾರೆ, ಆಗ ಹನ್ನೆರಡೂವರೆ. ಚಳಿಗಾಲದಲ್ಲಿ ಬೆಂಗಳೂರನ್ನು ಮಧ್ಯಾಹ್ನ 2ಕ್ಕೆ ಬಿಟ್ಟು ಹದಿನಾರು ಗಂಟೆ ಹಾರಿದರೂ, ಅಲ್ಲಿ ಅದೇ ದಿನದ ಸಂಜೆ ನಾಲ್ಕೂವರೆ!

ಬೆಂಗಳೂರಿಗೆ ಬಜ್ಪೆಯಿಂದ ಬರೀ 300 ಕಿ.ಮೀ. ಆದರೂ ಒಂದು ಗಂಟೆ ಬೇಕು. ಏರಿದ ಕೂಡಲೇ ಇಳಿಯುವ ಕೆಲಸ. ಬೆಂಗಳೂರಿನಿಂದ ಮುಂದಿನ ವಿಮಾನ ಹಿಡಿಯುವುದಾದರೆ ಅದಕ್ಕೆ ಕಾಯುವ ಹೊತ್ತನ್ನೂ ಸೇರಿಸಿ. ಉಡುಪಿಯವರಾದರೆ ಬಜ್ಪೆಗೆ ಒಂದೂವರೆ ಗಂಟೆ, ವಿದೇಶದ ವಿಮಾನವಾದರೆ ಮೂರು ಗಂಟೆ ಮೊದಲೇ ಅಲ್ಲಿರಬೇಕು. ದುಬೈಗೆ ಹಾರುವುದಕ್ಕಿಂತ ಹಾರುವ ಮೊದಲಿನ ಹೊತ್ತೇ ಜಾಸ್ತಿ.