ವಿಡಿಯೊ ನೋಡುವಾಗ ಕಂಪ್ಯೂಟರ್ ಹ್ಯಾಂಗ್ ಆಗುತ್ತಿದೆಯೇ? ಫಾರ್ಮ್ಯಾಟ್ ಮಾಡಿಸುವ ಮೊದಲು ಇಷ್ಟು ನೋಡಿ
ವಿಜಯಪುರದಲ್ಲಿ ಕಂಪ್ಯೂಟರ್ ದುರಸ್ತಿ ನನ್ನ ಕಸುಬು. ‘ಉಳಿದ ಕೆಲಸವೆಲ್ಲ ಸರಿಯಾಗಿ ನಡೆಯುತ್ತದೆ, ವಿಡಿಯೊ ಹಚ್ಚಿದರೆ ನಿಂತುಬಿಡುತ್ತದೆ’ ಎಂಬ ದೂರು ನನಗೆ ಬಾಯಿಪಾಠವಾಗಿದೆ. ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರಿಗೆ ಆನ್‌ಲೈನ್ ತರಗತಿ ನಿಲ್ಲುತ್ತದೆ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ಕೇಳುವ ಹಿರಿಯರಿಗೆ ಮಾತಿನ ನಡುವೆಯೇ ಧ್ವನಿ ಕಡಿದುಹೋಗುತ್ತದೆ. ನನ್ನ ಬಳಿ ಬರುವ ಹೊತ್ತಿಗೆ ಹೆಚ್ಚಿನವರು ಎಲ್ಲೋ ಒಮ್ಮೆ ಫಾರ್ಮ್ಯಾಟ್ (ಎಲ್ಲವನ್ನೂ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು) ಮಾಡಿಸಿರುತ್ತಾರೆ. ದುಡ್ಡು ಹೋಗಿರುತ್ತದೆ, ಮನೆಯ ಮದುವೆಯ ಫೋಟೊಗಳೂ ಹೋಗಿರುತ್ತವೆ, ತೊಂದರೆ ಇದ್ದಲ್ಲೇ ಇರುತ್ತದೆ. ಇದನ್ನು ನೋಡಿ ನೋಡಿ ಸಂಕಟವಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಿಂತದ್ದು ಯಾವುದು ಎಂದು ಪತ್ತೆ ಮಾಡಿ, ಆಮೇಲೆ ಕೈ ಹಾಕಿ.

ವಿಡಿಯೊ ಓಡುವಾಗ ಇಂಟರ್ನೆಟ್, ಬ್ರೌಸರ್, ಪ್ರೊಸೆಸರ್, ಗ್ರಾಫಿಕ್ಸ್, ರ‍್ಯಾಮ್, ಧ್ವನಿ ಎಲ್ಲವೂ ಏಕಕಾಲಕ್ಕೆ, ಬಿಡುವಿಲ್ಲದೆ ದುಡಿಯಬೇಕು. ಪತ್ರ ಟೈಪ್ ಮಾಡುವಾಗ ಅಡಗಿ ಕುಳಿತ ದೋಷ ಆಗ ಹೊರಬೀಳುತ್ತದೆ.

ಮುಂದಿನ ಸಲ ನಿಂತಾಗ ಗಾಬರಿಯಿಂದ ಪವರ್ ಬಟನ್ ಒತ್ತಬೇಡಿ. ಮೌಸ್ ಅಲ್ಲಾಡಿಸಿ, ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ, ಅದರ ದೀಪ ನೋಡಿ. ಪರದೆಯ ನಡುವೆ ಚಕ್ರ ತಿರುಗುತ್ತಿದ್ದು, ಮೌಸ್ ಓಡಾಡುತ್ತಿದ್ದು, ಬೇರೆ ಕಿಟಕಿಗಳು ತೆರೆಯುತ್ತಿದ್ದರೆ ಕಂಪ್ಯೂಟರ್ ಸರಿಯಾಗಿಯೇ ಇದೆ, ದೋಷ ಇಂಟರ್ನೆಟ್ಟಿನದು. ಗುಣಮಟ್ಟವನ್ನು 360ಕ್ಕೆ ಇಳಿಸಿ ನೋಡಿ, ವೈಫೈ ಬಿಟ್ಟು ರೌಟರ್‌ನಿಂದ ನೇರವಾಗಿ ಕೇಬಲ್ ಹಾಕಿ ನೋಡಿ. ಚಿತ್ರ ನಿಂತು ಧ್ವನಿ ಮುಂದುವರಿದರೆ ಅನುಮಾನ ಬ್ರೌಸರ್ ಮತ್ತು ಗ್ರಾಫಿಕ್ಸ್ ಮೇಲೆ. ಮೌಸ್ ಸ್ತಬ್ಧ, ಕ್ಯಾಪ್ಸ್ ಲಾಕ್ ದೀಪ ಬದಲಾಗುವುದಿಲ್ಲ, ಸ್ಪೀಕರ್‌ನಲ್ಲಿ ಧ್ವನಿಯ ಒಂದೇ ತುಣುಕು ಗುರ‍್ರೆಂದು ಮರುಕಳಿಸುತ್ತಿದೆ ಎಂದಾದರೆ ಇಡೀ ಯಂತ್ರವೇ ನಿಂತಿದೆ. ಆಗ ಡ್ರೈವರ್ (ಯಂತ್ರದ ಭಾಗಗಳನ್ನು ವಿಂಡೋಸ್ ನಡೆಸಲು ಬೇಕಾದ ತಂತ್ರಾಂಶ), ಶಾಖ, ರ‍್ಯಾಮ್, ವಿದ್ಯುತ್ ಇವುಗಳ ಕಡೆ ನೋಡಬೇಕು.

ಇನ್ನೊಂದು ಸುಲಭ ಪರೀಕ್ಷೆ ಇದೆ. ಮೊಬೈಲ್‌ನಲ್ಲಿ ತೆಗೆದ ದೊಡ್ಡ ವಿಡಿಯೊ ಒಂದನ್ನು ಕಂಪ್ಯೂಟರ್‌ಗೆ ಹಾಕಿಕೊಂಡು, ಇಂಟರ್ನೆಟ್ ಬಂದ್ ಮಾಡಿ, ವಿಎಲ್‌ಸಿ ಪ್ಲೇಯರ್‌ನಲ್ಲಿ ಅರ್ಧ ಗಂಟೆ ಓಡಿಸಿ. ಅಲ್ಲಿಯೂ ನಿಂತರೆ ಇಂಟರ್ನೆಟ್ ಕಂಪನಿಯೊಂದಿಗೆ ಜಗಳವಾಡಿ ಫಲವಿಲ್ಲ.

ಬ್ರೌಸರ್‌ನಲ್ಲಿ ಮಾತ್ರ ನಿಲ್ಲುವುದಾದರೆ ಮೊದಲು ಇನ್‌ಕಾಗ್ನಿಟೊ ಕಿಟಕಿಯಲ್ಲಿ ಅದೇ ವಿಡಿಯೊ ನೋಡಿ. ಸಾಮಾನ್ಯವಾಗಿ ಅಲ್ಲಿ ಎಕ್ಸ್‌ಟೆನ್ಷನ್‌ಗಳು, ಅಂದರೆ ಬ್ರೌಸರ್‌ಗೆ ಸೇರಿಸಿಕೊಂಡ ಪುಟ್ಟ ತಂತ್ರಾಂಶಗಳು, ಓಡುವುದಿಲ್ಲ. ಅಲ್ಲಿ ಸರಿಯಾದರೆ ಅವುಗಳನ್ನು ಒಂದೊಂದಾಗಿ ತೆಗೆಯುತ್ತ ಬನ್ನಿ. ಸರಿಯಾಗದಿದ್ದರೆ ಯೂಟ್ಯೂಬ್ ವಿಡಿಯೊದ ಮೇಲೆ ಬಲ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆಯಿರಿ. ಹೆಸರಿಗೆ ಹೆದರಬೇಡಿ, ಎರಡೇ ಸಾಲು ಸಾಕು. ‘ಡ್ರಾಪ್ಡ್ ಫ್ರೇಮ್ಸ್’ ಸಂಖ್ಯೆ ಒಂದೇ ಸಮನೆ ಏರುತ್ತಿದ್ದರೆ ವಿಡಿಯೊ ಬಂದು ತಲುಪಿದೆ, ಅದನ್ನು ಬಿಡಿಸಿ ತೋರಿಸುವಷ್ಟು ಶಕ್ತಿ ಯಂತ್ರಕ್ಕೆ ಸಾಲುತ್ತಿಲ್ಲ ಎಂದರ್ಥ. ‘ಕೋಡೆಕ್ಸ್’ ಸಾಲು ವಿಡಿಯೊವನ್ನು ಯಾವ ಬಗೆಯಲ್ಲಿ ಕುಗ್ಗಿಸಿದ್ದಾರೆ ಎಂದು ಹೇಳುತ್ತದೆ. ಅಲ್ಲಿ ‘ಎವಿಸಿ1’ ಇದ್ದರೆ ಅದು 2003ರ ಎಚ್.264, ‘ವಿಪಿ09’ ಅಥವಾ ‘ಎವಿ01’ ಇದ್ದರೆ ಹೊಸ ಬಗೆಗಳಾದ ವಿಪಿ9, ಎವಿ1. ಇಂಟೆಲ್ ಪ್ರೊಸೆಸರ್‌ಗಳಲ್ಲಿ ವಿಪಿ9 ಅನ್ನು ಪೂರ್ಣವಾಗಿ ಬಿಡಿಸುವ ಯಂತ್ರಾಂಶ ಬಂದದ್ದು ಏಳನೇ ತಲೆಮಾರಿನಲ್ಲಿ, ಎವಿ1ಕ್ಕೆ ಬಂದದ್ದು ಹನ್ನೊಂದನೆಯದರಲ್ಲಿ. ಕಚೇರಿಗಳಿಂದ ಹೊರಬಿದ್ದು ಅಗ್ಗಕ್ಕೆ ಮಾರಾಟವಾಗುವ ಮೂರು, ನಾಲ್ಕನೇ ತಲೆಮಾರಿನ ಡೆಸ್ಕ್‌ಟಾಪ್‌ಗಳಲ್ಲಿ ಈ ಭಾರ ಬಹುಪಾಲು ಪ್ರೊಸೆಸರ್ ತಲೆಯ ಮೇಲೇ ಬೀಳುತ್ತದೆ. ಇಂಥ ಯಂತ್ರಗಳಿಗೆ ‘ಎಚ್264ಇಫೈ’ ಬಗೆಯ ಎಕ್ಸ್‌ಟೆನ್ಷನ್ ನಿಮ್ಮ ಬ್ರೌಸರ್‌ಗೆ ಸಿಕ್ಕರೆ ಹಾಕಿ. ಅದು ಯೂಟ್ಯೂಬ್‌ನಿಂದ ಎಚ್.264 ವಿಡಿಯೊವನ್ನೇ ತರಿಸುತ್ತದೆ. 720ಕ್ಕಿಂತ ಮೇಲೆ ಹೋಗಬೇಡಿ. ಆನ್‌ಲೈನ್ ತರಗತಿಯ ಬೋರ್ಡಿನ ಮೇಲಿನ ಅಕ್ಷರ ಓದಲು ಅಷ್ಟು ಧಾರಾಳವಾಗಿ ಸಾಕು.

ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸಿಸ್ಟಮ್’ ಭಾಗಕ್ಕೆ ಹೋದರೆ ಗ್ರಾಫಿಕ್ಸ್ ಆಕ್ಸಿಲರೇಷನ್ ಎಂಬ ಸ್ವಿಚ್ ಸಿಗುತ್ತದೆ. ಕೇಳಿದವರಿಗೆಲ್ಲ ‘ಅದನ್ನು ಆಫ್ ಮಾಡಿ’ ಎಂದು ಹೇಳುವ ರೂಢಿ ಬೆಳೆದಿದೆ, ನಾನು ಇದನ್ನು ಒಪ್ಪುವುದಿಲ್ಲ. ಆಫ್ ಮಾಡುವುದು ಪರೀಕ್ಷೆ, ಪರಿಹಾರವಲ್ಲ. ಆಫ್ ಮಾಡಿ ಬ್ರೌಸರ್ ಮುಚ್ಚಿ ತೆರೆದಾಗ ಹ್ಯಾಂಗ್ ಆಗುವುದು ತಪ್ಪಿದರೆ ಗ್ರಾಫಿಕ್ಸ್ ಡ್ರೈವರ್ ಕೆಟ್ಟಿದೆ ಎಂಬ ಅನುಮಾನ ಬಲವಾಗುತ್ತದೆ. ಲ್ಯಾಪ್‌ಟಾಪ್ ತಯಾರಕರ ಅಥವಾ ಇಂಟೆಲ್, ಎಎಂಡಿ, ಎನ್‌ವಿಡಿಯಾದ ಸ್ವಂತ ತಾಣದಿಂದ ಡ್ರೈವರ್ ಇಳಿಸಿ ಹಾಕಿ, ಸ್ವಿಚ್ಚನ್ನು ಮತ್ತೆ ಆನ್ ಮಾಡಿ. ಆಫ್ ಆಗಿಯೇ ಬಿಟ್ಟರೆ ಕೆಲಸವೆಲ್ಲ ಪ್ರೊಸೆಸರ್‌ಗೆ ಬಿದ್ದು ಅದು ಬಿಸಿಯಾಗುತ್ತದೆ, ಫ್ಯಾನ್ ಅರಚುತ್ತದೆ. ಡ್ರೈವರ್ ಹುಡುಕಿಕೊಡುತ್ತೇವೆ ಎನ್ನುವ ‘ಅಪ್‌ಡೇಟರ್’ ತಂತ್ರಾಂಶಗಳನ್ನು ಮಾತ್ರ ಹಾಕಿಕೊಳ್ಳಬೇಡಿ.

ಪರದೆ ನಿಂತಾಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಕೀಗಳ ಜೊತೆ ಬಿ ಒತ್ತಿದರೆ ವಿಂಡೋಸ್ 10 ಮತ್ತು 11ರಲ್ಲಿ ಗ್ರಾಫಿಕ್ಸ್ ಡ್ರೈವರ್ ಮರುಚಾಲನೆಯಾಗುತ್ತದೆ. ಪರದೆ ಒಮ್ಮೆ ಕಪ್ಪಾಗಿ ಮರಳಿ ಬಂತೆಂದರೆ, ತೆರೆದಿಟ್ಟ ಕಡತವನ್ನು ಸೇವ್ ಮಾಡಿಕೊಳ್ಳಲು ಅವಕಾಶ ಸಿಕ್ಕಂತೆ.

ಈಗ ಶಾಖದ ಮಾತು. ನಮ್ಮ ಭಾಗದಲ್ಲಿ ಇದೇ ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅದರ ಮೇಲೆ ಎರೆಮಣ್ಣಿನ ನುಣುಪು ಧೂಳು ಕಂಪ್ಯೂಟರ್ ಡಬ್ಬಿಯೊಳಗೆ ಸೇರಿ, ಪ್ರೊಸೆಸರ್ ಮೇಲಿನ ಲೋಹದ ಪದರಗಳಿಗೂ ಫ್ಯಾನ್‌ಗೂ ನಡುವೆ ದಪ್ಪನೆ ಕೂರುತ್ತದೆ. ಫ್ಯಾನ್ ತಿರುಗಿದರೂ ಗಾಳಿ ಒಳಗೆ ಹೋಗುವುದಿಲ್ಲ. ಲ್ಯಾಪ್‌ಟಾಪ್ ಇದ್ದವರು ಅದನ್ನು ಕೌದಿಯ ಮೇಲಿಟ್ಟುಕೊಂಡು ನೋಡುತ್ತಾರೆ, ಅಡಿಯ ಗಾಳಿಕಿಂಡಿ ಪೂರ್ತಿ ಮುಚ್ಚಿಹೋಗುತ್ತದೆ. ಗುರುತು ಹೀಗಿದೆ: ಬೆಳಗ್ಗೆ ತಂಪು ಹೊತ್ತಿನಲ್ಲಿ ಸರಿ, ಮಧ್ಯಾಹ್ನ ಹ್ಯಾಂಗ್. ಶುರು ಮಾಡಿ ಸ್ವಲ್ಪ ಹೊತ್ತಿನ ಮೇಲೆ ನಿಲ್ಲುತ್ತದೆ, ಕೂಡಲೇ ಮತ್ತೆ ಚಾಲೂ ಮಾಡಿದರೆ ಇನ್ನೂ ಬೇಗ ನಿಲ್ಲುತ್ತದೆ. ಎಚ್‌ಡಬ್ಲ್ಯೂಮಾನಿಟರ್ ಎಂಬ ಉಚಿತ ತಂತ್ರಾಂಶದಲ್ಲಿ ಉಷ್ಣಾಂಶ ನೋಡಿ. ವಿಡಿಯೊ ಓಡುವಾಗ 60ರಿಂದ 75 ಇದ್ದರೆ ಚಿಂತೆಯಿಲ್ಲ. 90 ದಾಟಿ ಅಲ್ಲೇ ನಿಂತರೆ ಡಬ್ಬಿ ತೆರೆಯಲೇಬೇಕು.

ತೆರೆಯುವ ಮೊದಲು ವಿದ್ಯುತ್ ತಂತಿ ಕಿತ್ತುಬಿಡಿ. ಮೆತ್ತನೆಯ ಒಣ ಬ್ರಷ್ ಅಥವಾ ಬ್ಲೋವರ್ ಬಳಸಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದುಕೊಳ್ಳಿ, ಗಾಳಿಯ ರಭಸಕ್ಕೆ ವಿಪರೀತ ತಿರುಗಿದರೆ ಅದು ಹಾಳಾಗಬಹುದು. ಧೂಳು ತೆಗೆದರೂ ಶಾಖ ಇಳಿಯದಿದ್ದರೆ, ಪ್ರೊಸೆಸರ್‌ನ ಶಾಖವನ್ನು ಮೇಲಿನ ಲೋಹಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಹಳೆಯದನ್ನು ಪೂರ್ತಿ ಒರೆಸಿ, ಹೊಸದನ್ನು ಜೋಳದ ಕಾಳಿನಷ್ಟು ಇಟ್ಟರೆ ಸಾಕು. ಬಳಿದು ಬಳಿದು ದಪ್ಪ ಮಾಡಿದರೆ ಶಾಖ ದಾಟಲು ಅಡ್ಡಿಯೇ ಹೆಚ್ಚು. ಲ್ಯಾಪ್‌ಟಾಪ್ ಆದರೆ ಈ ಕೆಲಸವನ್ನು ತಿಳಿದವರಿಗೇ ಬಿಡಿ.

ಡಬ್ಬಿ ತೆರೆದಾಗಲೇ ರ‍್ಯಾಮ್ ಕಡ್ಡಿಯನ್ನು ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ಪುಡಿ ಕೊಡವಿ ಮತ್ತೆ ಕೂರಿಸಿ. ಎರಡು ಕಡ್ಡಿಗಳಿದ್ದರೆ ಒಂದೊಂದನ್ನೇ ಹಾಕಿ ಓಡಿಸಿ ನೋಡಿ. ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಸ್ಟಿಕ್ ಅನ್ನು ರಾತ್ರಿ ಹಚ್ಚಿ ಮಲಗಬಹುದು.

ಹೊಲದ ಮನೆಗಳಲ್ಲಿ ಬೋರ್‌ವೆಲ್ ಮೋಟರ್ ಚಾಲೂ ಆದ ಗಳಿಗೆಗೇ ಕಂಪ್ಯೂಟರ್ ನಿಲ್ಲುತ್ತಿದ್ದರೆ ವೋಲ್ಟೇಜ್ ಕುಸಿತವನ್ನು ಅನುಮಾನಿಸಿ. ಒಳ್ಳೆಯ ಯುಪಿಎಸ್ ಮೇಲೆ ಓಡಿಸಿ ನೋಡಿ. ಆಗಲೂ ನಿಂತರೆ ಡಬ್ಬಿಯೊಳಗೆ ಎಲ್ಲ ಭಾಗಗಳಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಬದಲಿಸಿ ಪರೀಕ್ಷಿಸಬೇಕು.

ಇಷ್ಟಾದರೂ ಕಾರಣ ಸಿಗದಿದ್ದರೆ ವಿಂಡೋಸ್‌ನ ‘ಇವೆಂಟ್ ವ್ಯೂವರ್’ ತೆರೆದು, ‘ಸಿಸ್ಟಮ್’ ದಾಖಲೆಯಲ್ಲಿ ಹ್ಯಾಂಗ್ ಆದ ಸಮಯದ ಕೆಂಪು, ಹಳದಿ ಸಾಲುಗಳನ್ನು ನೋಡಿ. ‘ಡಿಸ್‌ಪ್ಲೇ 4101’ ಎಂದರೆ ಗ್ರಾಫಿಕ್ಸ್ ಡ್ರೈವರ್ ಸ್ಪಂದಿಸದೆ ನಿಂತು ಚೇತರಿಸಿಕೊಂಡಿದೆ. ‘ಡಿಸ್ಕ್ 7’ ಎಂದರೆ ಹಾರ್ಡ್‌ಡಿಸ್ಕ್‌ನಲ್ಲಿ ಕೆಟ್ಟ ಜಾಗವಿದೆ, ಕಡತಗಳನ್ನು ಅಂದೇ ಬೇರೆಡೆ ನಕಲಿಸಿ. ‘ಡಬ್ಲ್ಯೂಎಚ್‌ಇಎ’ ಎಂಬ ಸಾಲು ಯಂತ್ರಾಂಶದ ದೋಷದ ವರದಿ. ‘ಕರ್ನಲ್ ಪವರ್ 41’ ನೋಡಿ ಹಲವರು ಹೌಹಾರುತ್ತಾರೆ. ಯಂತ್ರ ಸರಿಯಾಗಿ ಬಂದ್ ಆಗದೆ ಮತ್ತೆ ಚಾಲೂ ಆಯಿತು ಎಂದಷ್ಟೇ ಅದು ಹೇಳುತ್ತದೆ. ನೀವೇ ಪವರ್ ಬಟನ್ ಒತ್ತಿ ಹಿಡಿದು ಬಂದ್ ಮಾಡಿದರೂ ಅದು ಬರುತ್ತದೆ.

ಅಂಗಡಿಗೆ ಒಯ್ಯಲೇಬೇಕಾದರೆ ಒಂದು ಚೀಟಿ ಬರೆದುಕೊಂಡು ಹೋಗಿ: ಕ್ಯಾಪ್ಸ್ ಲಾಕ್ ದೀಪ ಬದಲಾಯಿತೇ, ವಿಎಲ್‌ಸಿಯಲ್ಲಿ ನಿಂತಿತೇ, ಉಷ್ಣಾಂಶ ಎಷ್ಟಿತ್ತು, ದಾಖಲೆಯಲ್ಲಿ ಯಾವ ಸಂಖ್ಯೆ ಕಂಡಿತು. ಇಂಥ ಚೀಟಿ ಕೈಗೆ ಬಂದರೆ ಅರ್ಧ ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಎದುರಿನವರು ಏನನ್ನೂ ನೋಡದೆ ಮೊದಲ ಮಾತಿಗೇ ಫಾರ್ಮ್ಯಾಟ್ ಎಂದರೆ, ಯಾಕೆ ಎಂದು ಕೇಳಿ. ಕೊಡುವ ಮೊದಲು ಫೋಟೊ, ಅಂಕಪಟ್ಟಿ, ಹೊಲದ ಉತಾರೆಯ ಪ್ರತಿಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಮನೆಯಲ್ಲಿಟ್ಟು ಬನ್ನಿ.