ಪಾಲಕರ ಸಭೆಗೆ ಬೆಳಗಾವಿಗೆ ಹೋಗುವುದು ಹೇಗೆ?

ಮಗಳು ಅಥವಾ ಮಗ ಬೆಳಗಾವಿಯ ಹಾಸ್ಟೆಲ್ ಸೇರಿ ಎರಡು ಮೂರು ತಿಂಗಳಾಗುವ ಹೊತ್ತಿಗೆ ಕಾಲೇಜಿನಿಂದ ಮೆಸೇಜ್ ಬರುತ್ತದೆ: ಶನಿವಾರ ಪಾಲಕರ ಸಭೆ, ತಪ್ಪದೆ ಬನ್ನಿ. ಬಾಗಲಕೋಟೆ, ವಿಜಯಪುರ ಕಡೆಯ ಎಷ್ಟೋ ಮನೆಗಳಿಂದ ಅಪ್ಪ ಒಬ್ಬರೇ ಹೋಗುತ್ತಾರೆ. ಸಹಿ ಹಾಕಿ ಸಂಜೆಯ ಬಸ್ಸಿಗೆ ತಿರುಗಿ ಬಂದುಬಿಡುತ್ತಾರೆ. ಹಾಗೆ ಮಾಡಬೇಡಿ. ಆಗುವುದಾದರೆ ಅವ್ವ, ತಮ್ಮ, ತಂಗಿ, ಗಟ್ಟಿಯಿದ್ದರೆ ಆಯಿಯನ್ನೂ ಕರೆದುಕೊಂಡು ಹೋಗಿ. ಸಭೆ ಒಂದೆರಡು ತಾಸಿನದು. ಉಳಿದ ಹೊತ್ತು ಮಕ್ಕಳದು. ಅದನ್ನು ಅವರೇ ನಡೆಸಲಿ. ನೀವು ಅವರ ಮನೆಗೆ ಬಂದ ಬೀಗರ ಹಾಗೆ ಇದ್ದುಬಿಡಿ.

ಹೊರಡುವ ಮೊದಲು

ಮೊದಲು ಒಂದು ಫೋನ್. ಸಭೆ ಎಷ್ಟಕ್ಕೆ, ಯಾವ ಗೇಟಿಗೆ ಬರಬೇಕು, ಸೋಮವಾರ ಇಂಟರ್ನಲ್ಸ್ (ಕಾಲೇಜಿನವರೇ ನಡೆಸುವ ಒಳಗಿನ ಪರೀಕ್ಷೆ) ಇದೆಯಾ ಎಂದು ಕೇಳಿ. ಪರೀಕ್ಷೆ ಇದ್ದರೆ ಭಾನುವಾರ ಪೂರ್ತಿ ಉಳಿಯುವ ಯೋಜನೆ ಬಿಡಿ. ಅವರ ತಲೆಯಲ್ಲಿ ಪುಸ್ತಕವೇ ಇರುತ್ತದೆ, ನಿಮಗೂ ಬೇಜಾರು.

ಗೇಟಿನ ಪ್ರಶ್ನೆ ಸಣ್ಣದಲ್ಲ. ಬೆಳಗಾವಿಯ ಕಾಲೇಜುಗಳು ಒಂದೊಂದು ದಿಕ್ಕಿಗಿವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಖಾನಾಪುರ ರಸ್ತೆಯ ಮಚ್ಛೆಯಲ್ಲಿದೆ. ಗೋಗಟೆ ಎಂಜಿನಿಯರಿಂಗ್ ಕಾಲೇಜು ಇರುವ ಉದ್ಯಮಬಾಗ ಕೂಡ ಅದೇ ದಾರಿಗೆ. ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ನೆಹರೂ ನಗರದಲ್ಲಿದೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಭೂತರಾಮನಹಟ್ಟಿ ಕ್ಯಾಂಪಸ್ಸಿಗೆ ಹೋಗಬೇಕಾದರೆ ಕೊಲ್ಹಾಪುರದ ಕಡೆ ಹೆದ್ದಾರಿ ಹಿಡಿಯಬೇಕು. 'ಯುನಿವರ್ಸಿಟಿಗೆ ಬಿಡಪ್ಪಾ' ಎಂದಷ್ಟೇ ಆಟೋದವರಿಗೆ ಹೇಳಿದರೆ ಊರಿನ ಇನ್ನೊಂದು ತುದಿಯಲ್ಲಿ ಇಳಿದೀರಿ. ಮಗಳಿಂದ ಲೊಕೇಶನ್ ತರಿಸಿಕೊಳ್ಳಿ, ಜಾಗದ ಹೆಸರನ್ನು ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ.

ಬಾಗಲಕೋಟೆಯಿಂದ ಲೋಕಾಪುರ, ಯರಗಟ್ಟಿ ಮೇಲೆ ಬರುವ ಬಸ್ಸಿಗೆ ನಾಲ್ಕು ತಾಸು ಹಿಡಿಯಿರಿ. ವಿಜಯಪುರದಿಂದ ಇನ್ನೂ ಜಾಸ್ತಿ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದ ಮೇಲೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಅವ್ವ, ಆಯಿ, ತಂಗಿ ಎಲ್ಲರೂ ಹೊರಡಲು ಇದೇ ದೊಡ್ಡ ಅನುಕೂಲ. ಆಧಾರ್ ಕಾರ್ಡ್ ಕೈಯಲ್ಲಿರಲಿ, ಶೂನ್ಯ ಟಿಕೆಟ್ ಕೇಳಿ ಪಡೆಯಿರಿ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ.

ಬುತ್ತಿ

ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಿ. ಹಾಸ್ಟೆಲ್ ಊಟದಲ್ಲಿ ಮಕ್ಕಳಿಗೆ ಕಡಿಮೆ ಬೀಳುವುದು ಸಿಹಿಯಲ್ಲ, ಮನೆಯ ಖಾರ. ಬಿಸಿರೊಟ್ಟಿ ಒಯ್ದರೆ ಮರುದಿನಕ್ಕೆ ಬಿರುಸಾಗುತ್ತದೆ. ಕಟಕ ರೊಟ್ಟಿ ವಾರಗಟ್ಟಲೆ ಇರುತ್ತದೆ. ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿ ಒಣಗಿಸಿದರೆ ಇನ್ನೂ ರುಚಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಬೇರೆ ಬೇರೆ ಸಣ್ಣ ಡಬ್ಬಿಗಳಲ್ಲಿ ಹಾಕಿ. ಒಂದೇ ದೊಡ್ಡ ಡಬ್ಬಿಯನ್ನು ದಿನಾ ತೆಗೆದು ಮುಚ್ಚಿದರೆ ಮಳೆಗಾಲದ ಬೆಳಗಾವಿಯಲ್ಲಿ ತೇವ ಹಿಡಿಯುತ್ತದೆ. ಶೇಂಗಾ ಹೋಳಿಗೆ ಕೆಲವು ದಿನ ಚೆನ್ನಾಗಿರುತ್ತದೆ. ಬೇಳೆ ಹೋಳಿಗೆ ಬೇಡ, ಬಸ್ಸಿನ ಸೆಕೆಗೇ ಹಳಸಬಹುದು. ಅಮೀನಗಡದ ಕರದಂಟು ದಾರಿಯಲ್ಲಿ ಸಿಕ್ಕರೆ ತನ್ನಿ.

ಎಲ್ಲವನ್ನೂ ನಿಮ್ಮ ಮಗುವಿಗೆ ಬೇಕಾದಷ್ಟೇ ಅಳೆದು ತರಬೇಡಿ, ರೂಮಿನವರಿಗೂ ಸೇರಿಸಿ ತನ್ನಿ. ಬುತ್ತಿ ಬಿಚ್ಚಿದ ಸಂಜೆ ಆ ರೂಮಿನಲ್ಲಿ ಆಗುವ ಗೆಳೆತನ ನಾವು ಹೇಳಿ ಮಾಡಿಸುವಂಥದ್ದಲ್ಲ. ಹೊರಗಿನ ತಿನಿಸು ಒಳಗೆ ಬಿಡುತ್ತಾರಾ ಎಂದು ವಾರ್ಡನ್‌ಗೆ ಮೊದಲೇ ಕೇಳಿಸಿ.

ಒಂದು ಕೌದಿಯನ್ನೂ ಮಡಚಿ ಇಟ್ಟುಕೊಳ್ಳಿ. ಘಟ್ಟದ ಅಂಚಿನ ಊರಿದು. ಮಳೆ, ಚಳಿ ಎರಡೂ ನಮ್ಮ ಕಡೆಗಿಂತ ಜೋರು.

ಸಭೆಯಲ್ಲಿ

ಭಾಷಣದ ಮೇಲೆ ಸಾಲು ಹಚ್ಚಿ ಮಾರ್ಕ್ಸ್ ನೋಡುವುದಷ್ಟೇ ಸಭೆಯಲ್ಲ. ಮಗುವಿನ ಮೆಂಟರ್, ಅಂದರೆ ಅವರ ಓದಿನ ಮೇಲೆ ಕಣ್ಣಿಡುವ ಮೇಷ್ಟ್ರು, ಯಾರು ಎಂದು ಕೇಳಿ, ಅವರ ಹತ್ತಿರ ಐದು ನಿಮಿಷ ಕೂತು ಮಾತಾಡಿ. ಹಾಜರಿ ಎಷ್ಟಿದೆ? ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಪ್ರತಿ ವಿಷಯಕ್ಕೆ 85 ಪ್ರತಿಶತ ಹಾಜರಿ ಬೇಕು. ಈಗಿನ ಪದ್ಧತಿಯಲ್ಲಿ ಬಹುತೇಕ ವಿಷಯಗಳ 100 ಅಂಕದಲ್ಲಿ 50 ಒಳಗಿನ ಪರೀಕ್ಷೆಯದು. ಅದರಲ್ಲಿ 20 ಬರದಿದ್ದರೆ ಆ ವಿಷಯದ ಕೊನೆಯ ಪರೀಕ್ಷೆಗೇ ಕೂರಿಸುವುದಿಲ್ಲ. ಸ್ವಾಯತ್ತ ಕಾಲೇಜುಗಳಲ್ಲಿ ಲೆಕ್ಕ ಬೇರೆ ಇರಬಹುದು, ಕೇಳಿಕೊಳ್ಳಿ.

ಮಗು ಪಕ್ಕದಲ್ಲಿರುವಾಗಲೇ ಕೇಳಿ. ಅವರನ್ನು ಹೊರಗೆ ನಿಲ್ಲಿಸಿ ಗುಟ್ಟಾಗಿ ವಿಚಾರಿಸಿದರೆ ನಂಬಿಕೆ ಹೋಗುತ್ತದೆ. ಕನ್ನಡ ಶಾಲೆಯಿಂದ ಬಂದ ಮಕ್ಕಳಿಗೆ ಮೊದಲ ಸೆಮಿಸ್ಟರ್ ಕಷ್ಟ, ಅದನ್ನು ಮೆಂಟರ್‌ಗೆ ನೇರವಾಗಿ ಹೇಳಿ. ಮಾರ್ಕ್ಸ್ ಕಡಿಮೆ ಬಂದಿದ್ದರೆ ಅಲ್ಲೇ ಬೈಯಬೇಡಿ. ನಾಲ್ಕು ಜನರೆದುರು ತಲೆ ತಗ್ಗಿಸಿದ ಮಗು ಮುಂದಿನ ಸಲ ಸಭೆಯ ಸುದ್ದಿಯನ್ನೇ ನಿಮಗೆ ಹೇಳುವುದಿಲ್ಲ.

ಅವರ ಜೊತೆ

ರೂಮ್ ತೋರಿಸಲು ಬಿಟ್ಟರೆ ನೋಡಿ. ಬಟ್ಟೆ ಚೆಲ್ಲಾಪಿಲ್ಲಿ ಇರುತ್ತವೆ, ಅವ್ವ ಕೂಡಲೇ ಮಡಚಲು ಶುರು ಮಾಡುವುದು ಬೇಡ. ನೀರು ಬರುತ್ತದಾ, ಕಿಟಕಿ ಮುಚ್ಚುತ್ತದಾ, ಜಡ್ಡಾದರೆ ಯಾರು ನೋಡುತ್ತಾರೆ ಎಂಬುದನ್ನು ಗಮನಿಸಿ.

ಆಮೇಲೆ ಊರು ತೋರಿಸುವ ಕೆಲಸ ಅವರಿಗೇ ಬಿಡಿ. ಯಾವ ಹೋಟೆಲಿನಲ್ಲಿ ತಿನ್ನುತ್ತಾರೋ ಅಲ್ಲೇ ತಿನ್ನಿ, ಗೆಳೆಯರನ್ನೂ ಕರೆಯಿರಿ. ಬೇಕಾದರೆ ಕೋಟೆಗೆ ಹೋಗಿ. ಬಸ್ ನಿಲ್ದಾಣಕ್ಕೆ ಹತ್ತಿರ, 1204ರಲ್ಲಿ ರಟ್ಟರ ಕಾಲದಲ್ಲಿ ಕಟ್ಟಿದ ಕಮಲ ಬಸದಿ ಅದರೊಳಗಿದೆ. ಸಣ್ಣವರು ಜೊತೆಗಿದ್ದರೆ ಭೂತರಾಮನಹಟ್ಟಿಯ ಮೃಗಾಲಯ ಅವರಿಗೆ ಖುಷಿ. ಕುಂದಾ ಕೊಳ್ಳುವುದಂತೂ ಇದ್ದೇ ಇದೆ.

ನಡೆಯುವಾಗ ಮಾತು ತಾನಾಗಿ ಬರುತ್ತದೆ. 'ಓದು ಹೆಂಗ ನಡದೈತಿ?' ಅಂದರೆ 'ಛಲೋ ಐತಿ' ಎಂಬಲ್ಲಿಗೆ ಮುಗಿಯುತ್ತದೆ. ರಾತ್ರಿ ಯಾರ ಜೊತೆ ಊಟ, ಭಾನುವಾರ ಏನು ಮಾಡುತ್ತೀ ಎಂದು ಕೇಳಿ. ಉತ್ತರದಲ್ಲಿ ಒಂಟಿತನ ಕಂಡರೆ ಸುಮ್ನೆ ಬಿಡಬೇಡಿ. ಹಿರಿಯ ವಿದ್ಯಾರ್ಥಿಗಳ ಕಾಟ ಇದ್ದರೆ ರ‍್ಯಾಗಿಂಗ್ ತಡೆ ಸಹಾಯವಾಣಿ 1800-180-5522 ಇದೆ. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಎರಡನ್ನೂ ಅವರ ಫೋನಿನಲ್ಲೂ ನಿಮ್ಮದರಲ್ಲೂ ಸೇವ್ ಮಾಡಿ.

ಬಸ್ ಹತ್ತುವ ಮುನ್ನ

ಸ್ಕಾಲರ್‌ಶಿಪ್ ಅರ್ಜಿಗೆ ಏನು ಬಾಕಿಯಿದೆ ಎಂದು ಕೂತು ನೋಡಿ. ಜಾತಿ, ಆದಾಯ ಪ್ರಮಾಣ ಪತ್ರ ನಾಡಕಚೇರಿಯಿಂದ ಬರಬೇಕು, ಅದು ಊರಿನಲ್ಲಿರುವ ನಿಮ್ಮ ಕೆಲಸ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸುವುದು ಮಗುವಿನ ಕೆಲಸ. ಮೆಂಟರ್ ಮತ್ತು ವಾರ್ಡನ್ ನಂಬರ್ ಬರೆದುಕೊಳ್ಳಿ, ಒಬ್ಬ ಗೆಳತಿ ಅಥವಾ ಗೆಳೆಯನ ನಂಬರನ್ನೂ ಕೇಳಿ ಪಡೆಯಿರಿ. ಖಾಲಿ ಡಬ್ಬಿಗಳನ್ನು ಹಬ್ಬಕ್ಕೆ ಬರುವಾಗ ತರಲು ಹೇಳಿ.